ಉದಾಸೀನ ಎಂಬ ಮಾತು

ನಮ್ಮ ಕಡೆಯ ಕನ್ನಡದಲ್ಲಿ ಉದಾಸೀನ ಎಂದರೆ ಸೋಮಾರಿತನ. ಮೈಸೂರು ಕಡೆಯವರು ಈ ಮಾತನ್ನು ಕೇಳಿದರೆ ಅಲಕ್ಷ್ಯ ಎಂದು ತಿಳಿಯುತ್ತಾರೆ. ಸಂಸ್ಕೃತ ಬಲ್ಲವರನ್ನು ಕೇಳಿದರೆ ಅದೊಂದು ದೊಡ್ಡ ಗುಣ. ಯಾವ ಪಕ್ಷವನ್ನೂ ಹಿಡಿಯದೆ ನಿಂತವನು ಉದಾಸೀನ. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಭಗವಂತನಿಗೆ ಪ್ರಿಯನಾದವನ ಲಕ್ಷಣಗಳಲ್ಲಿ ಅದೂ ಒಂದು. ಅಲ್ಲಿಂದ ಹೊರಟ ಮಾತು ಚಂದ್ರಗಿರಿ ಹೊಳೆಯ ದಡಕ್ಕೆ ಬಂದು ಮುಟ್ಟುವಾಗ, ಮಧ್ಯಾಹ್ನ ಊಟವಾದ ಮೇಲೆ ಪಾತ್ರೆ ತೊಳೆಯದೆ ಕೂತ ಹೆಂಗಸಿಗೆ ಬೈಯುವ ಮಾತು ಹೇಗಾಯಿತೋ ನಾನರಿಯೆ. ಮಲಯಾಳದವರು ಇದನ್ನೇ 'ಮಡಿ' ಎನ್ನುತ್ತಾರೆ. ನಮ್ಮ ಶಾಖೆಗೆ ತಲಶ್ಶೇರಿ ಕಡೆಯಿಂದ ವರ್ಗವಾಗಿ ಬಂದ ಹುಡುಗಿ ಒಂದು ದಿನ ಬೆಳಗ್ಗೆ "ಇವತ್ತು ನನಗೆ ಮಡಿ" ಎಂಬರ್ಥದಲ್ಲಿ ಏನೋ ಹೇಳಿದಾಗ ನಾನು ಆಕೆಯ ಕುರ್ಚಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತದ್ದುಂಟು. ಆಮೇಲೆ ಇಬ್ಬರೂ ನಕ್ಕೆವು.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಮಲಯಾಳದಲ್ಲಿ ದಣಿವಿಗೆ 'ಕ್ಷೀಣಂ' ಎಂಬ ಬೇರೆ ಮಾತುಂಟು. ನಮ್ಮಲ್ಲಿ 'ಬಚ್ಚುವುದು' ಎಂಬುದುಂಟು, ತುಳುವಿನಲ್ಲಿ 'ಬಚ್ಚೆಲ್'. ಈ ಮಾತುಗಳಲ್ಲಿ ದೋಷಾರೋಪಣೆ ಇಲ್ಲ. ಬಚ್ಚಿದವನಿಗೆ ನೀರು ಬೆಲ್ಲ ಕೊಡುತ್ತೇವೆ, ಉದಾಸೀನದವನಿಗೆ ಬೈಗುಳ ಕೊಡುತ್ತೇವೆ. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ: ಒಬ್ಬಳು ಕೆಲಸ ಬಿಟ್ಟು ಕಂಬಕ್ಕೆ ಒರಗಿ ಕೂತಿದ್ದಾಳೆ. ಇದು ಬಚ್ಚಿದ್ದೋ ಉದಾಸೀನವೋ ಎಂದು ತೀರ್ಪು ಕೊಡುವವರು ಯಾರು, ಯಾವ ಆಧಾರದ ಮೇಲೆ? ಐದಾರು ವರ್ಷಗಳಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ನಾನು ತತ್ತ್ವಶಾಸ್ತ್ರ ಓದಿದವಳಲ್ಲ, ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. ವಾಚಕರು ಅದನ್ನು ಲೆಕ್ಕಕ್ಕೆ ಹಿಡಿದು ಓದಬೇಕು.

ಮೊದಲು ಚಿಕ್ಕಮ್ಮನ ವಿಷಯ ಹೇಳುತ್ತೇನೆ. ಪೆರ್ಲದ ಸಮೀಪ ನಮ್ಮದು ಅಡಿಕೆ ತೋಟದ ಕೂಡುಮನೆ. ಅಪ್ಪನ ತಮ್ಮನ ಹೆಂಡತಿ ಈ ಚಿಕ್ಕಮ್ಮ. ಮಧ್ಯಾಹ್ನ ಎಲ್ಲರೂ ಅಡಿಕೆ ಸುಲಿಯಲು ಕೂತಾಗ ಅವಳು ಚಾವಡಿಯ ಕಂಬಕ್ಕೆ ಬೆನ್ನು ಕೊಟ್ಟು ಅರೆಗಣ್ಣಿನಲ್ಲಿ ಇರುತ್ತಿದ್ದಳು. ಮೇ ತಿಂಗಳ ಸೆಕೆಯಲ್ಲೂ ಮೈಗೆ ಶಾಲು. ಮುಖ ಊದಿದ ಹಾಗೆ, ಸ್ವರ ಗಂಡಸಿನದ್ದರಂತೆ ದಪ್ಪ. ಏನಾದರೂ ತರಲು ಒಳಗೆ ಹೋದರೆ ಯಾಕೆ ಹೋದೆನೆಂಬುದನ್ನು ಮರೆತು ಬಾಗಿಲಲ್ಲೇ ನಿಲ್ಲುವಳು. ಮನೆಯಲ್ಲಿ ಅವಳಿಗೆ 'ಉದಾಸೀನದ ಗಂಟು' ಎಂದೇ ಹೆಸರು. 1991ರ ನವರಾತ್ರಿಗೆ ನೆಂಟರಿಷ್ಟರೆಲ್ಲ ಸೇರಿದ್ದಾಗ, ಹನ್ನೆರಡು ವರ್ಷದ ನಾನು ಬೈರಾಸು ಹೊದ್ದುಕೊಂಡು ಅದೇ ಕಂಬಕ್ಕೆ ಒರಗಿ, ದಪ್ಪ ಸ್ವರದಲ್ಲಿ "ಈಗ ಬಂದೆ, ಈಗ ಬಂದೆ" ಎಂದು ಚಿಕ್ಕಮ್ಮನ ಹಾಗೆ ಆಡಿ ತೋರಿಸಿದೆ. ಚಾವಡಿಯೇ ಹಾರಿಹೋಗುವಷ್ಟು ನಗು. ಚಿಕ್ಕಮ್ಮನೂ ನಕ್ಕಳು. 1994ರಲ್ಲಿ ಅವಳು ತೀರಿಹೋದಳು.

ನನ್ನ ಮೈಗೆ ಈ ಕಾಯಿಲೆ ಹೊಕ್ಕದ್ದು 2018ರ ಸುಮಾರಿಗೆ. ಹೊಕ್ಕದ್ದು ಎನ್ನುವುದೂ ತಪ್ಪು. ಜ್ವರ ಬಂದ ಹಾಗೆ ಅದು ಬರುವುದಿಲ್ಲ, ಮಳೆಗಾಲದಲ್ಲಿ ಗೋಡೆ ತೇವ ಎಳೆದ ಹಾಗೆ ಬರುತ್ತದೆ. ಎಂಟು ಗಂಟೆ ಮಲಗಿ ಎದ್ದರೂ ಮಲಗಲಿಲ್ಲವೇನೋ ಎಂಬಂತೆ ಇರುತ್ತಿತ್ತು. ಮಾಡಿನಡಿಯ ಫ್ಯಾನು ನನಗೆ ಚಳಿ, ಉಳಿದವರಿಗೆಲ್ಲ ಸೆಕೆ. ಬಾಚಣಿಗೆಯ ತುಂಬ ಕೂದಲು. ಒಮ್ಮೆ ಎಣಿಸಿದ ನೋಟಿನ ಕಟ್ಟನ್ನು ಮೂರು ಸಲ ಎಣಿಸಿದರೂ ಮನಸ್ಸಿಗೆ ಸಮಾಧಾನವಿಲ್ಲ. ಎಲ್ಲಕ್ಕಿಂತ ಕಷ್ಟದ ಸಂಗತಿಯೆಂದರೆ ನನಗೇ ನನ್ನ ಮೇಲೆ ಸಂಶಯ ಬಂದದ್ದು. ಏಳಬೇಕೆಂದು ಮನಸ್ಸು ಮಾಡಿದರೆ ಏಳಬಹುದಲ್ಲವೇ, ಮನಸ್ಸು ಮಾಡದಿರುವುದು ನಾನೇ ಅಲ್ಲವೇ ಎಂದು ಹಾಸಿಗೆಯಲ್ಲೇ ಮಲಗಿ ನನ್ನನ್ನು ನಾನು ವಿಚಾರಣೆ ಮಾಡುತ್ತಿದ್ದೆ. ಕಾಲು ಮುರಿದವಳಿಗೆ ಈ ವಿಚಾರಣೆ ಇಲ್ಲ. ಅವಳಿಗೆ ಏಳುವ ಇಚ್ಛೆ ಇರುತ್ತದೆ, ಕಾಲು ಇರುವುದಿಲ್ಲ. ನನ್ನಲ್ಲಿ ಮುರಿದದ್ದು ಇಚ್ಛೆಯೇ ಆಗಿತ್ತು, ಅಥವಾ ಹಾಗೆ ಕಾಣುತ್ತಿತ್ತು.

ಮೊದಲು ಕಂಡ ವೈದ್ಯರು ನಾಡಿ ನೋಡಿ, ಮನೆ ಮತ್ತು ಉದ್ಯೋಗ ಎರಡನ್ನೂ ನೋಡಿಕೊಳ್ಳುವ ಹೆಂಗಸರಿಗೆ ಇದು ಸಹಜ, ಟೆನ್ಶನ್ ಕಡಿಮೆ ಮಾಡಿ ಎಂದರು. ಎರಡನೆಯವರು ರಕ್ತ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ ಬರೆದರು. ರಕ್ತ ಕಡಿಮೆ ಇದ್ದದ್ದೂ ಸುಳ್ಳಲ್ಲ. ಹಾಗೆ ಎರಡು ವರ್ಷ ಹೋಯಿತು. 2020ರ ಜನವರಿಯಲ್ಲಿ ಮಂಗಳೂರಿಗೆ ಮದುವೆಗೆಂದು ಹೋದವಳನ್ನು ವೈದ್ಯಳಾದ ನೆಂಟರ ಹುಡುಗಿಯೊಬ್ಬಳು ಊಟದ ಪಂಕ್ತಿಯಲ್ಲೇ ದಿಟ್ಟಿಸಿ ನೋಡಿ, "ಅತ್ತೆ, ನಿಮ್ಮ ಸ್ವರ ಯಾಕೆ ಹೀಗೆ?" ಎಂದು ಕೇಳಿದಳು. ಮರುದಿನವೇ ರಕ್ತ ಪರೀಕ್ಷೆ. ಟಿ.ಎಸ್.ಎಚ್. ಎಂಬುದು ಸುಮಾರು 4ರ ಒಳಗೆ ಇರಬೇಕು. ನನ್ನದು 60 ದಾಟಿತ್ತು.

ಅದರ ಅರ್ಥವನ್ನು ಆಕೆಯೇ ತಿಳಿಸಿಕೊಟ್ಟಳು. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಎಂಬ ಗ್ರಂಥಿ ಇದೆ. ಅದು ಸ್ರವಿಸುವ ಥೈರಾಕ್ಸಿನ್ ದೇಹದ ಕಣಕಣವೂ ಎಷ್ಟು ಬಿರುಸಾಗಿ ಉರಿಯಬೇಕೆಂದು ನಿರ್ಧರಿಸುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದಕ್ಕೆ ಮೇಲಧಿಕಾರಿ. ಕೆಳಗಿನವನು ಕೆಲಸ ಮಾಡದಾಗ ಮೇಲಿನವನು ಮೆಮೋ ಮೇಲೆ ಮೆಮೋ ಕಳುಹಿಸುತ್ತಾನೆ. ಆ ಮೆಮೋಗಳ ಲೆಕ್ಕವೇ ಟಿ.ಎಸ್.ಎಚ್. ನನ್ನ ದೇಹದ ಕಾವಲುಗಾರ ಕಣಗಳೇ ಗ್ರಂಥಿಯನ್ನು ಶತ್ರುವೆಂದು ಬಗೆದು ತಿಂದುಹಾಕುತ್ತಿದ್ದವಂತೆ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಶಿಮೋಟೊ ಅವರ ಹೆಸರನ್ನೇ ಈ ಕಾಯಿಲೆಗೆ ಇಟ್ಟಿದ್ದಾರೆ.

ಈ ಕಾಯಿಲೆಯ ಚರಿತ್ರೆಯಲ್ಲಿ ಒಬ್ಬ ಹೆಂಗಸಿನ ಕತೆ ನನಗೆ ಬಹಳ ಹಿಡಿಸಿತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವಕ ವೈದ್ಯನ ಬಳಿಗೆ 46 ವರ್ಷದ ಒಬ್ಬ ಹೆಂಗಸು ಬಂದಳು. ಮುಖ ಊದಿ, ಮಾತು ನಿಧಾನವಾಗಿ, ಅಪರಿಚಿತರನ್ನು ಕಾಣಲೂ ಮನಸ್ಸಿಲ್ಲದ ಸ್ಥಿತಿ. ಆತ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ತೆಗೆದು ಆಕೆಗೆ ಸೂಜಿಯಲ್ಲಿ ಚುಚ್ಚಿದ. ಕೆಲವು ತಿಂಗಳಲ್ಲಿ ಆಕೆ ದಣಿವಿಲ್ಲದೆ ಮನೆಗೆಲಸ ಮಾಡತೊಡಗಿದಳು. ಅದೇ ಚಿಕಿತ್ಸೆಯಲ್ಲಿ ಇನ್ನೂ 28 ವರ್ಷ ಬದುಕಿ 1919ರಲ್ಲಿ, 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ನೂರಾರು ಕುರಿಗಳು. ಈಗ ನನ್ನ ವಯಸ್ಸೂ 46. ನನಗೆ ಕುರಿ ಬೇಕಿಲ್ಲ. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು, 1927ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ್ದಾಯಿತು. ನಾನು ದಿನಾ ನುಂಗುವ ಮಾತ್ರೆಯಲ್ಲಿರುವ ಔಷಧ 100 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಒಂದು ಅಕ್ಕಿಕಾಳಿನ ತೂಕದಷ್ಟು ಔಷಧ ಸುಮಾರು ಇನ್ನೂರು ದಿನಕ್ಕೆ ಸಾಕು.

ಅಕ್ಕಿಕಾಳಿನ ಇನ್ನೂರರಲ್ಲಿ ಒಂದು ಪಾಲು! ನನ್ನ ಶ್ರದ್ಧೆ, ನನ್ನ ಕರ್ತವ್ಯಪ್ರಜ್ಞೆ, ಬೆಳಗ್ಗೆ ಐದಕ್ಕೆ ಎದ್ದು ಎಲ್ಲ ಮುಗಿಸಿ ಒಂಬತ್ತರ ಬಸ್ಸು ಹಿಡಿಯುತ್ತೇನೆಂಬ ನನ್ನ ಹೆಮ್ಮೆ ಇಷ್ಟರ ಮೇಲೆ ನಿಂತಿತ್ತು.

ಮನೆಯಲ್ಲಿದ್ದ ಗೀತೆಯನ್ನು ತೆಗೆದು ನೋಡಿದೆ. ಹದಿನೆಂಟನೆಯ ಅಧ್ಯಾಯದಲ್ಲಿ ತಾಮಸ ಕರ್ತೃವಿನ ಲಕ್ಷಣ ಹೇಳುವಲ್ಲಿ ಆಲಸಿ, ಸದಾ ವಿಷಾದದಲ್ಲಿರುವವನು, ಕೆಲಸವನ್ನು ಎಳೆಯುತ್ತಾ ಹೋಗುವ ದೀರ್ಘಸೂತ್ರಿ ಎಂದಿದೆ. ಹದಿನಾಲ್ಕನೆಯ ಅಧ್ಯಾಯ ನಿದ್ರೆಯನ್ನೂ ಸೇರಿಸುತ್ತದೆ. ಆ ಹುಡುಗಿ ಮಂಗಳೂರಿನಲ್ಲಿ ನನ್ನನ್ನು ಕೂರಿಸಿ ಕೇಳಿದ ಪ್ರಶ್ನೆಗಳ ಪಟ್ಟಿ ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸವೆಂದರೆ ಗೀತೆಯ ಸಾಲಿನಲ್ಲಿ ಆಲಸಿಯನ್ನು ಮೋಸಗಾರನ ಪಕ್ಕದಲ್ಲೇ ಕುಳ್ಳಿರಿಸಿದ್ದಾರೆ. ಆಲಸ್ಯವೂ ಶಠತನವೂ ಒಂದೇ ಮನೆಯವೆಂದು ನಮ್ಮ ಹಿರಿಯರು ನಂಬಿದ್ದರು, ನಮ್ಮ ಮನೆಯಲ್ಲೂ ಹಾಗೇ ನಂಬಿದ್ದೆವು. ಆದರೆ ನ್ಯಾಯ ಹೇಳಬೇಕಾದರೆ ಅದೇ ಗೀತೆ ಮೂರನೆಯ ಅಧ್ಯಾಯದಲ್ಲಿ, ಕೆಲಸಗಳೆಲ್ಲ ಪ್ರಕೃತಿಯ ಗುಣಗಳಿಂದ ನಡೆಯುತ್ತವೆ, ಅಹಂಕಾರದಿಂದ ಮಂಕಾದವನು ಮಾಡಿದವನು ನಾನು ಎಂದುಕೊಳ್ಳುತ್ತಾನೆ ಎಂದೂ ಹೇಳುತ್ತದೆ. ಇದನ್ನು ನಾವು ಸೋಮಾರಿಗೆ ಅನ್ವಯಿಸುವುದಿಲ್ಲ. ಅನ್ವಯಿಸಿದರೆ ನಮ್ಮ ಹೆಮ್ಮೆಯೂ ಬಿದ್ದುಹೋಗುತ್ತದೆ ಎಂಬ ಭಯವಿರಬಹುದು. ಅವಳ ಉದಾಸೀನ ಅವಳದ್ದಲ್ಲವೆಂದಾದರೆ ನನ್ನ ಚುರುಕು ನನ್ನದು ಹೇಗೆ? ಕಾಯಕ ಎಂಬ ಮಾತಿನೊಳಗೇ ಕಾಯ ಕೂತಿದೆ. ಕಾಯ ಒಪ್ಪದೆ ಕಾಯಕವಿಲ್ಲ.

ಹಾಗಾದರೆ ಯಾವುದಕ್ಕೂ ಯಾರೂ ಜವಾಬ್ದಾರರಲ್ಲವೇ? ಕೆಲವು ದಿನ ಈ ವಿಚಾರ ನನಗೆ ಬಹಳ ಹಿತವಾಗಿತ್ತು. ಅದನ್ನು ಮುರಿದದ್ದು ಒಂದು ಘಟನೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಜನವರಿಯಲ್ಲಿ ತಂದ ನೂರು ಮಾತ್ರೆಯ ಬಾಟಲಿ 2020ರ ಏಪ್ರಿಲ್ ಮಧ್ಯಕ್ಕೆ ಖಾಲಿಯಾಯಿತು. ಅಷ್ಟರಲ್ಲಿ ಕೊರೋನಾ ಬಂದು, ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ಕೂತ ಕಾಲ. ಆ ದಿನಗಳ ಸಂಕಟ ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ಆದರೆ ನನ್ನ ಮಾತ್ರೆಗೆ ಮಂಗಳೂರೇ ಆಗಬೇಕೆಂದಿರಲಿಲ್ಲ. ನಮ್ಮ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ವಿಚಾರಿಸಿದೆ, ಆ ಪ್ರಮಾಣದ್ದು ಇಲ್ಲ, ತರಿಸಿಕೊಡುತ್ತೇವೆ ಎಂದರು. ಮತ್ತೆ ಕೇಳಲು ನಾನು ಹೋಗಲಿಲ್ಲ. ಹುಷಾರಾಗಿದ್ದೇನಲ್ಲ, ಒಂದೆರಡು ವಾರದಲ್ಲಿ ಏನಾಗುತ್ತದೆ ಎಂದು ಸುಮ್ಮನಿದ್ದೆ. ಈ ಔಷಧದ ಮಾಯೆಯೇ ಅದು. ದೇಹದಲ್ಲಿರುವುದರ ಅರ್ಧ ಇಳಿಯಲು ಸುಮಾರು ಒಂದು ವಾರ ಬೇಕು, ಹಾಗಾಗಿ ಒಂದೆರಡು ದಿನ ತಪ್ಪಿದರೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ, ಅಂಗಡಿಗೆ ಹೋಗುವ ಮನಸ್ಸೇ ಕರಗಿರುತ್ತದೆ.

ಮೇ ತಿಂಗಳ ಮೊದಲ ವಾರ ಸರಕಾರ ಜನಧನ ಖಾತೆಯ ಹೆಂಗಸರಿಗೆ ಹಾಕಿದ 500 ರೂಪಾಯಿಯ ಕಂತು ಬಂತು. ಖಾತೆ ಸಂಖ್ಯೆಯ ಕೊನೆಯ ಅಂಕಿಯ ಪ್ರಕಾರ ಇಂತಿಂಥವರು ಇಂತಿಂಥ ದಿನ ಬರಬೇಕೆಂದಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ನನ್ನ ಕೌಂಟರಿಗೆ ಬಂದರು. ಅವರ ದಿನ ಅದಲ್ಲ, ಮರುದಿನ. ಚೀಟಿಯನ್ನೂ ಸರಿಯಾಗಿ ತುಂಬಿಸಿರಲಿಲ್ಲ. ಬಸ್ಸಿಲ್ಲದ ಆ ದಿನಗಳಲ್ಲಿ ನಡೆದು ಬಂದವರು ಎಂಬುದು ಕಾಲಿನ ಧೂಳು ನೋಡಿದರೇ ತಿಳಿಯುತ್ತಿತ್ತು. ಚೀಟಿಯನ್ನು ನಾನೇ ತುಂಬಿಸಿ ಹೆಬ್ಬೆಟ್ಟು ಒತ್ತಿಸಿ ಮ್ಯಾನೇಜರರಲ್ಲಿ ಒಂದು ಮಾತು ಹೇಳಿದ್ದರೆ ಐದು ನಿಮಿಷದ ಕೆಲಸ. ಅಂಥದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ಸಾವಿರ ಸಲ ಮಾಡಿದ್ದೇನೆ. ಆ ದಿನ ಪೆನ್ನು ಎತ್ತುವುದೇ ಬೆಟ್ಟ ಎತ್ತಿದ ಹಾಗೆ ಕಂಡಿತು. "ನಾಳೆ ಬನ್ನಿ" ಎಂದೆ. ಅಜ್ಜಿ ಒಂದು ಮಾತೂ ಹೇಳದೆ ಚೀಟಿ ಮಡಚಿ ಸೀರೆಯ ಸೆರಗಿಗೆ ಕಟ್ಟಿಕೊಂಡು ಹೋದರು. ಮರುದಿನ ಬರಲಿಲ್ಲ. ಆ ವಾರ ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡಿದೆ, ಬರಲಿಲ್ಲ. ಆಮೇಲೆ ಬೇರೆ ಕೌಂಟರಿಗೆ ಬಂದಿರಲೂಬಹುದು.

ಇದು ಯಾರ ತಪ್ಪು? ಕಾಯಿಲೆಯದ್ದು ಎಂದು ಹೇಳಲು ನನ್ನಲ್ಲಿ ಲ್ಯಾಬಿನ ದಾಖಲೆ ಉಂಟು. ಆಮೇಲೆ ಪರೀಕ್ಷೆ ಮಾಡಿಸಿದಾಗ ಟಿ.ಎಸ್.ಎಚ್. ಮತ್ತೆ ಏರಿತ್ತು. ಆದರೂ ನಾನು ಆ ವಿನಾಯಿತಿಯನ್ನು ತೆಗೆದುಕೊಳ್ಳಲಾರೆ. ಬಿ.ಎ.ಯಲ್ಲಿ ಅರಿಸ್ಟಾಟಲನ ವಿಷಯ ಓದಿದ್ದು ನೆನಪಾಯಿತು. ಕುಡಿದು ತಪ್ಪು ಮಾಡಿದವನಿಗೆ ಎರಡು ಪಟ್ಟು ದಂಡ ವಿಧಿಸುವ ಕಾನೂನನ್ನು ಅವನು ಎತ್ತಿ ಹೇಳುತ್ತಾನೆ. ಕುಡಿಯುವ ಮೊದಲು ಕುಡಿಯದಿರುವುದು ಅವನ ಕೈಯಲ್ಲಿತ್ತಲ್ಲ ಎಂಬುದು ವಾದ. ಬಾಟಲಿ ಖಾಲಿಯಾದ ದಿನ ನಾನು ಹುಷಾರಾಗಿದ್ದೆ. ಮತ್ತೊಮ್ಮೆ ಅಂಗಡಿಗೆ ಹೋಗಿ ಕೇಳುವುದು ಆ ದಿನ ನನ್ನ ಕೈಯಲ್ಲಿತ್ತು. ಮೇ ತಿಂಗಳ ನಾನು ಬಚ್ಚಿದವಳು, ಏಪ್ರಿಲಿನ ನಾನು ಉದಾಸೀನದವಳು. ಗೆರೆ ಎಲ್ಲಿ ಎಂದು ನನಗೆ ತಿಳಿಯುವುದು ನನ್ನ ವಿಷಯದಲ್ಲಿ ಮಾತ್ರ, ಅದೂ ಇಂಥ ಕೆಲವೇ ಸಂದರ್ಭಗಳಲ್ಲಿ. ಇನ್ನೊಬ್ಬರ ಒಳಗೆ ಅದನ್ನು ಎಳೆಯುವ ಅಧಿಕಾರ ನನಗಿಲ್ಲ.

ಮಾತ್ರೆ ಶುರುಮಾಡಿದ ಮೇಲೂ ಎಡವಿದ್ದೇನೆ. ಥೈರಾಯ್ಡಿನದ್ದು ಮತ್ತು ರಕ್ತದ್ದು ಎರಡನ್ನೂ ಬೆಳಗ್ಗೆ ಒಟ್ಟಿಗೆ ನುಂಗಿ, ಮೇಲಿನಿಂದ ಕಾಫಿ ಕುಡಿಯುತ್ತಿದ್ದೆ. ಮಾತ್ರೆ ತೆಗೆದುಕೊಂಡರೂ ಲೆಕ್ಕ ಇಳಿಯದು. ಕಬ್ಬಿಣ, ಸುಣ್ಣದಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು, ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ಕುಡಿಯಬಾರದು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಓದುವವರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆದೆ.

ಆ ತಲಶ್ಶೇರಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. 2019ರ ಪೂರ್ತಿ ನನ್ನ ಅರ್ಧ ಕೆಲಸವನ್ನು ಮಾಡಿದ್ದು ಅವಳು. ನನ್ನ ವೋಚರುಗಳನ್ನು ತಾಳೆ ಹಾಕಿ ಸಂಜೆಯ ರೈಲು ತಪ್ಪಿಸಿಕೊಂಡು ರಾತ್ರಿ ಮನೆ ಸೇರುತ್ತಿದ್ದಳು. ಒಂದು ದಿನ ತಾಳ್ಮೆ ತಪ್ಪಿ, "ಚೇಚಿಗೆ ಮಾತ್ರವೋ ಕ್ಷೀಣ, ನನಗಿಲ್ಲವೋ?" ಎಂದು ಅವಳ ಭಾಷೆಯಲ್ಲಿ ಕೇಳಿಯೇಬಿಟ್ಟಳು. ದಯೆ ತೋರಿಸಬೇಕು ಎಂದು ಬರೆಯುವುದು ಸುಲಭ, ಆದರೆ ಒಬ್ಬರ ಮೇಲಿನ ದಯೆಯ ಭಾರ ಇನ್ನೊಬ್ಬರ ಬೆನ್ನ ಮೇಲೆ ಬೀಳುತ್ತದೆ ಎಂಬುದನ್ನು ನಾನು ಅವಳಿಂದ ಕಲಿತೆ. ನನ್ನ ಮದ್ದು ಹಿಡಿದ ಮೇಲೆ ಅವಳ ಕೆಲವು ಶನಿವಾರಗಳನ್ನು ನಾನು ತೀರಿಸಿದೆ. ಪೂರ್ತಿ ತೀರಿಲ್ಲ.

ಕಳೆದ ವರ್ಷದಿಂದ ಅವಳಿಗೂ ಏನೋ ಆಗಿದೆ. ಮಧ್ಯಾಹ್ನವಾದರೆ ಮೇಜಿಗೆ ತಲೆ ಕೊಡುತ್ತಾಳೆ. ಸಕ್ಕರೆ, ರಕ್ತ, ಥೈರಾಯ್ಡ್ ಎಲ್ಲ ಪರೀಕ್ಷೆಯಾಯಿತು, ಎಲ್ಲವೂ ಸರಿ. ಶಾಖೆಯಲ್ಲಿ 'ಮಡಿ' ಎಂಬ ಮಾತು ಮೆಲ್ಲಗೆ ಓಡಾಡತೊಡಗಿದೆ. ಅವಳು ತನ್ನ ರಿಪೋರ್ಟುಗಳನ್ನು ನನಗೆ ತೋರಿಸಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದ ಮಾತು ಹೇಳಲೇ? "ಎಲ್ಲ ಸರಿಯಿದೆಯಲ್ಲ, ಮತ್ತೇನು?" ಬಾಯಿಂದ ಹೊರಬೀಳಲಿಲ್ಲ, ಅಷ್ಟೇ. ಹತ್ತು ತಿಂಗಳ ಹಿಂದೆ ನನ್ನ ವೈದ್ಯರೂ ನನಗೆ ಇದನ್ನೇ ಹೇಳಿದ್ದರು. ನನ್ನ ಟಿ.ಎಸ್.ಎಚ್. ಈಗ 2ರ ಆಸುಪಾಸಿನಲ್ಲಿದೆ, ಲೆಕ್ಕ ಚೊಕ್ಕ. ಆದರೂ ವಾರದಲ್ಲಿ ಎರಡು ದಿನ ಆ ಹಳೆಯ ತೇವ ಗೋಡೆ ಹತ್ತುತ್ತದೆ. ಮಾತ್ರೆಯಿಂದ ಲೆಕ್ಕ ಸರಿಯಾದ ಮೇಲೂ ಕೆಲವರಿಗೆ ದಣಿವು ಉಳಿಯುತ್ತದೆ ಎಂಬುದನ್ನು ವೈದ್ಯರೂ ಒಪ್ಪುತ್ತಾರೆ, ಕಾರಣದಲ್ಲಿ ಅವರವರಲ್ಲೇ ಒಮ್ಮತವಿಲ್ಲ. ಹಾಗಾದರೆ ನನ್ನ ಈಗಿನ ದಣಿವು ಯಾವ ಖಾತೆಗೆ? ಚೀಟಿ ಇದ್ದಾಗ ನಾನು ರೋಗಿ, ಚೀಟಿ ಸರಿಯಾದ ದಿನದಿಂದ ನಾನು ಸೋಮಾರಿಯೇ?

ಬ್ಯಾಂಕಿನಲ್ಲಿ ನಾವು ದಾಖಲೆಯಿಲ್ಲದೆ ಒಂದು ರೂಪಾಯಿಯನ್ನೂ ಕೊಡುವವರಲ್ಲ, ಕೊಡಲೂಬಾರದು. ಆ ಅಭ್ಯಾಸ ಮನಸ್ಸಿಗೂ ಹತ್ತಿದೆ. ಲ್ಯಾಬಿನ ಚೀಟಿ ಕಾರಣವನ್ನು ತೋರಿಸುತ್ತದೆ, ಅದೂ ಇದುವರೆಗೆ ಗೊತ್ತಾದ ಕಾರಣಗಳನ್ನು ಮಾತ್ರ. ಮರ್ರೆಯ ಸೂಜಿಗಿಂತ ಮೊದಲು ಆ ಹೆಂಗಸಿನ ಕೈಯಲ್ಲೂ ಚೀಟಿ ಇರಲಿಲ್ಲ. ದಣಿವನ್ನು ಅಳೆಯುವ ಯಂತ್ರ ಈಗಲೂ ಇಲ್ಲ. ದಣಿದವರ ಬಾಯಿಮಾತನ್ನು ನಂಬಬೇಕು, ಇಲ್ಲವೇ ಬಿಡಬೇಕು. ನಂಬಿದರೆ ಯಾರೋ ಒಬ್ಬ ಕಳ್ಳ ನನ್ನನ್ನು ಏಮಾರಿಸಬಹುದು. ಅದರಿಂದ ನನಗೆ ಹೋಗುವುದು ಒಂದು ಗಂಟೆಯ ಹೆಚ್ಚಿನ ಕೆಲಸ. ನಂಬದೆ ಹೋದಾಗ ಏನು ಹೋಗುತ್ತದೆ ಎಂಬುದಕ್ಕೆ ನನ್ನ ಮನಸ್ಸಿನಲ್ಲಿ ಬೈರಾಸು ಹೊದ್ದ ಒಬ್ಬಳು ಹುಡುಗಿ ಕೂತಿದ್ದಾಳೆ. ಚಿಕ್ಕಮ್ಮನಿಗೆ ಇದೇ ಕಾಯಿಲೆ ಇತ್ತೆಂದು ಹೇಳುವ ಅರ್ಹತೆ ನನಗಿಲ್ಲ. ಅವಳ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ, ಈಗ ಸಾಧ್ಯವೂ ಇಲ್ಲ. ಶಾಲು, ಸ್ವರ, ಮರೆವು ಎಲ್ಲ ತಾಳೆಯಾಗುತ್ತವೆ. ಆದರೆ ತಾಳೆಯಾಗದಿದ್ದರೆ ಏನು? ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲವೆಂದೇ ಇಟ್ಟುಕೊಂಡರೆ ಆ ನವರಾತ್ರಿಯ ನಗು ಸರಿಯಾಗುತ್ತದೆಯೇ?

ಕಳೆದ ತಿಂಗಳು ಇದನ್ನು ಬರೆಯಲು ಕೂತಾಗ ಅಮ್ಮನಿಗೆ ಫೋನು ಮಾಡಿದೆ. ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಚಿಕ್ಕಮ್ಮ ಅಷ್ಟೊಂದು ಉದಾಸೀನದವಳಾಗಿದ್ದಳೇ ಎಂದು ಕೇಳಿದೆ.

"ಯಾರು ಹೇಳಿದ್ದು? ಅವಳು ಬೆಳಗ್ಗೆ ಮೂರು ಗಂಟೆಗೆ ಏಳುತ್ತಿದ್ದಳು ಮಾರಾಯ್ತಿ. ಹಟ್ಟಿ, ಅಂಗಳ, ಬಚ್ಚಲಿನ ಒಲೆ, ತಿಂಡಿಗೆ ಕಡೆಯುವುದು, ಎಲ್ಲ ಕತ್ತಲೆಯಲ್ಲೇ ಮುಗಿಸುತ್ತಿದ್ದಳು. ಹೊತ್ತು ಏರಿದ ಮೇಲೆ ತನ್ನಿಂದ ಆಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತಲ್ಲ. ನೀವು ಮಕ್ಕಳು ಏಳುವಾಗ ಏಳು ಗಂಟೆ. ನಿಮಗೆ ಕಾಣುತ್ತಿದ್ದದ್ದು ಕಂಬಕ್ಕೆ ಒರಗಿದ್ದು ಮಾತ್ರ."

"ಮತ್ತೆ ಆ ದಿನ ನೀವೆಲ್ಲ ಯಾಕೆ ನಕ್ಕದ್ದಮ್ಮ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿತ್ತಿಲಿನಲ್ಲಿ ಯಾರೋ ಅಡಿಕೆ ರಾಶಿ ಎಳೆಯುವ ಶಬ್ದ ಕೇಳುತ್ತಿತ್ತು.

"ಬರುವ ಶನಿವಾರ ನಿನಗೆ ರಜೆಯಾ?" ಎಂದು ಕೇಳಿದಳು.

ಎರಡನೆಯ ಶನಿವಾರ, ರಜೆ ಎಂದೆ.